ಹೊರಟ ದಿನ ಹವಾಮಾನ ಚೆನ್ನಾಗಿಯೇ ಇತ್ತು: 1994ರ ಜೂನ್, ನ್ಯೂಜಿಲೆಂಡ್‌ನಿಂದ ಟೊಂಗಾ ಕಡೆಗೆ

ಸಣ್ಣ ಹಾಯಿದೋಣಿಯಲ್ಲಿ ಸಾಗರ ದಾಟುವವರ ನಡುವೆ ಜಾಸ್ತಿ ಚರ್ಚೆಯಾಗುವುದು ಹೊರಡುವ ದಿನದ ಬಗ್ಗೆ. ನಾಳೆ ಬಿಡೋಣವಾ, ಇನ್ನೆರಡು ದಿನ ಕಾಯೋಣವಾ, ಪಕ್ಕದ ಬೋಟಿನವರು ಹೊರಟೇಬಿಟ್ಟರಲ್ಲ, ನಾವೇನು ಮಾಡೋಣ. ಕಾಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದಕ್ಕೆ ಕಾಯುತ್ತಿದ್ದೇವೆ ಅನ್ನುವುದು ತಲೆಯಲ್ಲಿ ಸರಿಯಾಗಿ ಕೂತಿರಬೇಕು. 1994ರ ಜೂನ್ ಮೊದಲ ವಾರ ನ್ಯೂಜಿಲೆಂಡ್‌ಗೂ ಟೊಂಗಾಕ್ಕೂ ನಡುವಿನ ಕಡಲಲ್ಲಿ ನಡೆದದ್ದನ್ನು ಓದಿದಾಗಲೆಲ್ಲ ನನಗೆ ಕಾಡುವುದು ಇದೇ ವಿಷಯ.

ಅಲ್ಲಿನವರು ಅದನ್ನು 'ಕ್ವೀನ್ಸ್ ಬರ್ತ್‌ಡೇ ಸ್ಟಾರ್ಮ್' ಅನ್ನುತ್ತಾರೆ. ರಾಣಿಯ ಹುಟ್ಟುಹಬ್ಬದ ರಜೆ ನ್ಯೂಜಿಲೆಂಡ್‌ನಲ್ಲಿ ಜೂನ್ ತಿಂಗಳ ಮೊದಲ ಸೋಮವಾರ ಬರುತ್ತಿತ್ತು, ಆ ವರ್ಷ ಜೂನ್ 6. ಬಿರುಗಾಳಿ ಬಡಿದದ್ದು ಆ ರಜೆಗೆ ಅಂಟಿಕೊಂಡ ವಾರಾಂತ್ಯದಲ್ಲಿ. ಏಳು ಬೋಟ್‌ಗಳನ್ನು ಜನ ನಡುಗಡಲಲ್ಲೇ ಬಿಟ್ಟು ಬರಬೇಕಾಯಿತು. 21 ಜನರನ್ನು ಬೇರೆ ಬೇರೆ ಹಡಗುಗಳು ಕಾಪಾಡಿದವು. ಕ್ವಾರ್ಟರ್‌ಮಾಸ್ಟರ್ ಅನ್ನುವ ಬೋಟಿನಲ್ಲಿದ್ದ ಮೂವರು ಸಿಗಲೇ ಇಲ್ಲ.

ಮೊದಲು ಆ ದಾರಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ದಕ್ಷಿಣ ಪೆಸಿಫಿಕ್‌ನಲ್ಲಿ ಸೈಕ್ಲೋನ್ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಆಗ ಟೊಂಗಾ, ಫಿಜಿ ಕಡೆ ಇರುವುದು ಅಪಾಯ ಅಂತ ನೂರಾರು ಖಾಸಗಿ ಬೋಟ್‌ಗಳು ಕೆಳಗಿಳಿದು ನ್ಯೂಜಿಲೆಂಡ್‌ಗೆ ಬಂದು ಕೂರುತ್ತವೆ. ಹೆಚ್ಚಿನವು ಉತ್ತರ ತುದಿಯ ಬೇ ಆಫ್ ಐಲೆಂಡ್ಸ್‌ನ ಓಪುವಾದಲ್ಲಿ, ಇಲ್ಲವೇ ಫಾಂಗರೇ, ಆಕ್ಲೆಂಡ್‌ನಲ್ಲಿ. ಏಪ್ರಿಲ್ ಮುಗಿದ ಕೂಡಲೇ ಎಲ್ಲರಿಗೂ ಮತ್ತೆ ಬಿಸಿಲಿನ ದ್ವೀಪಗಳ ಕಡೆ ಹೋಗುವ ಆಸೆ. ಎಷ್ಟೋ ವಿಮಾ ಪಾಲಿಸಿಗಳೂ ಅದಕ್ಕಿಂತ ಮೊದಲು ಉಷ್ಣವಲಯಕ್ಕೆ ಕಾಲಿಡಬಾರದು ಅನ್ನುತ್ತವೆ. ಇತ್ತ ದಕ್ಷಿಣಾರ್ಧಗೋಳದ ಚಳಿಗಾಲ ಹತ್ತಿರ ಬರುತ್ತಿರುತ್ತದೆ, ಜೂನ್ ಕಳೆದಷ್ಟೂ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವಿನ ಟಾಸ್ಮನ್ ಸಮುದ್ರದಿಂದ ಒಂದರ ಹಿಂದೆ ಒಂದು ಚಳಿಗಾಲದ ಬಿರುಗಾಳಿ ಬರಲು ಶುರುವಾಗುತ್ತದೆ. ಬೇಗ ಹೊರಟರೆ ಮೇಲಿನಿಂದ ಸೈಕ್ಲೋನ್ ಭಯ, ತಡವಾದರೆ ಕೆಳಗಿನಿಂದ ಚಳಿಗಾಲದ ಭಯ. ನಡುವೆ ಸಿಗುವುದು ಮೇ ತಿಂಗಳು ಮತ್ತು ಜೂನ್‌ನ ಒಂದಿಷ್ಟು ದಿನ, ಅಷ್ಟೇ.

ನಮ್ಮ ಕರಾವಳಿಯಲ್ಲಿ ಈ ಕಾಯುವಿಕೆಯನ್ನು ಸರ್ಕಾರವೇ ನಿರ್ಧರಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳು ಮೀನಿಗೆ ಹೋಗುವಂತಿಲ್ಲ, ಮಲ್ಪೆ ಬಂದರಿನಲ್ಲಿ ಸಾಲಾಗಿ ಕಟ್ಟಿ ನಿಂತಿರುತ್ತವೆ. ಮೀನು ಮರಿ ಹಾಕುವ ಕಾಲವೂ ಹೌದು, ಮಳೆಗಾಲದ ಕಡಲಿನಿಂದ ಜನ ಉಳಿಯುವುದೂ ಹೌದು. ಓಪುವಾದಲ್ಲಿ ಅಂಥ ಗೆರೆ ಎಳೆಯುವವರು ಯಾರೂ ಇಲ್ಲ. ಹೊರಡುವುದೋ ಬೇಡವೋ ಅನ್ನುವುದು ಪೂರ್ತಿ ಬೋಟಿನ ಕ್ಯಾಪ್ಟನ್ ತಲೆಯ ಮೇಲೆ. ಬಹಳ ಸಲ ಆ ಕ್ಯಾಪ್ಟನ್ ಅಂದರೆ ನಿವೃತ್ತಿ ದುಡ್ಡಿನಲ್ಲಿ ಬೋಟ್ ಕೊಂಡು ಹೆಂಡತಿ ಜೊತೆ ಊರೂರು ಸುತ್ತುವ ಒಬ್ಬ ಸಾಮಾನ್ಯ ಮನುಷ್ಯ.

ಈಗ ಲೆಕ್ಕ. ಓಪುವಾ ಇರುವುದು 35 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಟೊಂಗಾದ ರಾಜಧಾನಿ ನುಕುಅಲೋಫಾ 21 ಡಿಗ್ರಿಯಲ್ಲಿ, ಸ್ವಲ್ಪ ಪೂರ್ವಕ್ಕೆ. ನಡುವೆ ಸುಮಾರು 1,000 ನಾಟಿಕಲ್ ಮೈಲಿ, ಅಂದರೆ 1,850 ಕಿಲೋಮೀಟರ್. 40 ಅಡಿಯ ಹಾಯಿದೋಣಿ ಐದೂವರೆ ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಐದೂವರೆ ನಾಟಿಕಲ್ ಮೈಲಿಯಂತೆ, ಹಗಲು ರಾತ್ರಿ ಸಾಗಿದರೆ ದಿನಕ್ಕೆ 130 ಮೈಲಿ. ಒಟ್ಟು ಏಳೆಂಟು ದಿನ, ಗಾಳಿ ಕೈಕೊಟ್ಟರೆ ಹತ್ತು.

ನಂಬಬಹುದಾದ ಮುನ್ಸೂಚನೆ ಎಷ್ಟು ದಿನದ್ದು? ಈಗಲೂ ಅನುಭವಸ್ಥರು ನಾಲ್ಕೈದು ದಿನ ಅನ್ನುತ್ತಾರೆ. 1994ರಲ್ಲಿ ಅದಕ್ಕಿಂತ ಕಡಿಮೆ. ನಾಲ್ಕು ದಿನಕ್ಕೆ ಬೋಟ್ ಮುಟ್ಟುವುದು 520 ಮೈಲಿ, ಅಂದರೆ ಹತ್ತಿರ ಹತ್ತಿರ ಅರ್ಧ ದಾರಿ, 28 ಡಿಗ್ರಿ ಅಕ್ಷಾಂಶದ ಆಸುಪಾಸು. ಅಲ್ಲಿಂದ ಹಿಂದಿರುಗಲು ಎಷ್ಟು ದಿನ ಬೇಕೋ ಮುಂದೆ ಹೋಗಲೂ ಅಷ್ಟೇ ದಿನ ಬೇಕು. ಹತ್ತಿರದಲ್ಲಿ ನುಗ್ಗಲು ಒಂದು ಬಂದರಿಲ್ಲ. ದಾರಿಯ ನಡುವೆ ನೆಮ್ಮದಿಯಾಗಿ ಲಂಗರು ಹಾಕಲು ಸಿಗುವ ಜಾಗ ಅಂದರೆ ಮಿನರ್ವಾ ರೀಫ್, ಸುತ್ತ ಹವಳದ ಉಂಗುರ, ಒಳಗೆ ಶಾಂತ ನೀರು, ಮನುಷ್ಯರಿಲ್ಲ, ಮರವಿಲ್ಲ. ಆದರೆ ಅದು ಓಪುವಾದಿಂದ 800 ಮೈಲಿ ದೂರ. ನಾಲ್ಕನೇ ದಿನಕ್ಕೆ ಅದು ಕೈಗೆ ಸಿಗುವುದಿಲ್ಲ.

ಅಂದರೆ ಹೊರಡುವ ಮುಂಚೆ ನೋಡಿದ ಹವಾಮಾನ ನಕ್ಷೆಯ ಬೆಲೆ ಮುಗಿಯುವ ಹೊತ್ತಿಗೆ ಬೋಟ್ ಎಲ್ಲಿರುತ್ತದೆ ಅಂದರೆ, ಈ ದಾರಿಯಲ್ಲಿ ಯಾವ ಆಸರೆಯೂ ಇಲ್ಲದ ಜಾಗದಲ್ಲಿ. 1994ರ ಬಿರುಗಾಳಿ ಬೋಟ್‌ಗಳನ್ನು ಹಿಡಿದದ್ದು ಅದೇ ಪಟ್ಟಿಯಲ್ಲಿ.

ಆ ವರ್ಷ ಮೇ ಕೊನೆಯಲ್ಲಿ ಹತ್ತಾರು ಬೋಟ್‌ಗಳು ಹೊರಟವು. ಕೆಲವು ಆಕ್ಲೆಂಡ್‌ನಿಂದ ಟೊಂಗಾಕ್ಕೆ ಹೋಗುವ ರೆಗಾಟಾಕ್ಕೆ ಸೇರಿದ್ದವು. ಹೆಸರು ಕೇಳಿದರೆ ಪಂದ್ಯ ಅನಿಸುತ್ತದೆ, ನಿಜವಾಗಿ ಜೊತೆಗೂಡಿ ಹೋಗುವ ವಿಹಾರ ಬೋಟ್‌ಗಳ ಗುಂಪು. ಇನ್ನು ಕೆಲವು ತಮ್ಮ ಪಾಡಿಗೆ ತಾವು ಹೊರಟಿದ್ದವು. ಅವರಲ್ಲಿ ಮೊದಲ ಸಲ ಸಾಗರಕ್ಕಿಳಿದವರಿದ್ದರು, ಪೆಸಿಫಿಕ್ ಪೂರ್ತಿ ದಾಟಿ ಬಂದಿದ್ದವರೂ ಇದ್ದರು. ಹೊರಟಾಗ ಹವಾಮಾನ ಹಿತವಾಗಿತ್ತು. ಆ ಬಿರುಗಾಳಿ ಇನ್ನೂ ಹುಟ್ಟಿರಲೇ ಇಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಇಂಥ ಘಟನೆ ಓದಿದ ಕೂಡಲೇ ಮನಸ್ಸು ಒಂದು ತಪ್ಪಿತಸ್ಥನನ್ನು ಹುಡುಕುತ್ತದೆ. ಮುನ್ಸೂಚನೆ ಕೆಟ್ಟದಿದ್ದರೂ ಹಟ ಹಿಡಿದು ಹೋದರು ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಅವರು ಹವಾಮಾನ ನೋಡಿಯೇ ಹೋದವರು.

ಈ ದಾರಿಯಲ್ಲಿ ಹೊರಡುವ ಕ್ರಮ ಹೀಗಿದೆ. ನ್ಯೂಜಿಲೆಂಡ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಅಧಿಕ ಒತ್ತಡದ ವಲಯಗಳು ವಾರಕ್ಕೊಂದರಂತೆ ಸಾಗಿಹೋಗುತ್ತವೆ. ಎರಡರ ನಡುವೆ ಒಂದು ಶೀತಗಾಳಿಯ ಅಂಚು ಮಳೆ ಸುರಿಸಿ ದಾಟುತ್ತದೆ. ಅದು ದಾಟಿದ ಮೇಲೆ ಗಾಳಿ ನೈಋತ್ಯದಿಂದ ಬೀಸತೊಡಗುತ್ತದೆ. ಆಗ ಲಂಗರು ಎತ್ತಬೇಕು. ದಕ್ಷಿಣಾರ್ಧಗೋಳದಲ್ಲಿ ಅಧಿಕ ಒತ್ತಡದ ಸುತ್ತ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ, ಹಾಗಾಗಿ ಬರುತ್ತಿರುವ ಆ ವಲಯದ ಮುಂಭಾಗದಲ್ಲಿ ದಕ್ಷಿಣದ ಗಾಳಿ ಸಿಕ್ಕಿ ಬೋಟನ್ನು ಉತ್ತರಕ್ಕೆ ದೂಡುತ್ತದೆ. ಮೊದಲ ಎರಡು ದಿನ ಚಳಿ, ತೂಗಾಟ, ವಾಂತಿ. ಆಮೇಲೆ ಗಾಳಿ ಕಡಿಮೆಯಾಗಿ, ಮುಂದೆ ಪೂರ್ವ ಮತ್ತು ಆಗ್ನೇಯದ ವಾಣಿಜ್ಯ ಮಾರುತಗಳು ಸಿಗುತ್ತವೆ. ಟೊಂಗಾ ಪೂರ್ವಕ್ಕಿರುವುದರಿಂದ ಆ ಮಾರುತ ಎದುರಾಗುವ ಮೊದಲೇ ಸಾಧ್ಯವಾದಷ್ಟು ಪೂರ್ವಕ್ಕೆ ಸರಿದುಕೊಳ್ಳಿ ಅನ್ನುವುದು ಹಳಬರ ಬುದ್ಧಿಮಾತು.

ಈ ಕ್ರಮದಲ್ಲಿ ತಪ್ಪಿಲ್ಲ. ಇವತ್ತಿಗೂ ಹೊರಡುವುದು ಹೀಗೆಯೇ. ಆದರೆ ಇದರಲ್ಲಿ ಕಣ್ಣು ಪೂರ್ತಿ ದಕ್ಷಿಣ ಮತ್ತು ಪಶ್ಚಿಮದ ಕಡೆಗಿರುತ್ತದೆ. ಬೋಟಿನ ಮೂತಿ ಇರುವುದು ಉತ್ತರಕ್ಕೆ. ಅಲ್ಲಿ, ಬೋಟ್ ತಲುಪಲು ಇನ್ನೂ ಐದಾರು ದಿನ ಇರುವ ಜಾಗದಲ್ಲಿ ಏನು ಬೆಳೆಯುತ್ತಿದೆ ಅನ್ನುವುದರ ಮೇಲೆ ಗಮನ ಕಡಿಮೆ.

ಜೂನ್ ಶುರುವಿನಲ್ಲಿ ವನುವಾಟು ಮತ್ತು ಫಿಜಿ ನಡುವೆ ಒಂದು ವಾಯುಭಾರ ಕುಸಿತ ಹುಟ್ಟಿತು. ಬಿಸಿ ನೀರು, ತೇವ ತುಂಬಿದ ಗಾಳಿ ಇರುವ ಜಾಗ ಅದು. ದಕ್ಷಿಣ ಪೆಸಿಫಿಕ್ ಸಂಗಮ ವಲಯ ಅನ್ನುವ ಮೋಡದ ಪಟ್ಟಿ ಅಲ್ಲೇ ಹಾದುಹೋಗುತ್ತದೆ. ಆ ಕುಸಿತ ಆಗ್ನೇಯಕ್ಕೆ ಇಳಿಯುತ್ತಾ ಒಂದೇ ಸಮನೆ ಆಳವಾಗತೊಡಗಿತು. ಹವಾಮಾನ ತಜ್ಞರು ಇಂಥದ್ದನ್ನು 'ಬಾಂಬ್' ಅನ್ನುತ್ತಾರೆ. 60 ಡಿಗ್ರಿ ಅಕ್ಷಾಂಶದಲ್ಲಿ 24 ಗಂಟೆಯಲ್ಲಿ 24 ಹೆಕ್ಟೋಪಾಸ್ಕಲ್ ಒತ್ತಡ ಇಳಿದರೆ ಅದು ಬಾಂಬ್. ಸಮಭಾಜಕದ ಕಡೆ ಬಂದಂತೆ ಈ ಮಿತಿ ಕಡಿಮೆಯಾಗುತ್ತದೆ, 30 ಡಿಗ್ರಿಯಲ್ಲಿ ಸುಮಾರು 14 ಸಾಕು. ಬೋಟಿನ ಗೋಡೆಗೆ ತೂಗುಹಾಕಿದ ಬ್ಯಾರೋಮೀಟರ್‌ನಲ್ಲಿ ಇದು ಹೇಗೆ ಕಾಣುತ್ತದೆ ಅಂದರೆ, ಮೂರು ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ಬರೆಯುವಾಗ ಪ್ರತಿ ಸಲವೂ ಮುಳ್ಳು ಒಂದೆರಡು ಗೆರೆ ಕೆಳಗಿರುತ್ತದೆ, ಮೊದಲ ಸಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎರಡನೇ ಸಲ ಗಾಜನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ, ಮೂರನೇ ಸಲ ಹಾಯಿ ಇಳಿಸಲು ಡೆಕ್‌ಗೆ ಓಡುತ್ತಾರೆ.

ಇದರ ಜೊತೆಗೆ ದಕ್ಷಿಣದಲ್ಲಿ ಅಧಿಕ ಒತ್ತಡ ಅಡ್ಡ ನಿಂತಿತ್ತು. ಹೊರಡಲು ಯಾವುದು ನೆರವಾಗಿತ್ತೋ ಅದೇ ಬಗೆಯ ವಲಯ ಈಗ ಶತ್ರುವಾಯಿತು. ದಕ್ಷಿಣಾರ್ಧಗೋಳದಲ್ಲಿ ಕುಸಿತದ ಸುತ್ತ ಗಾಳಿ ಪ್ರದಕ್ಷಿಣವಾಗಿ ಸುತ್ತುತ್ತದೆ, ಅದರ ದಕ್ಷಿಣ ಬದಿಯಲ್ಲಿ ಪೂರ್ವದಿಂದ ಬೀಸುತ್ತದೆ. ಅಧಿಕ ಒತ್ತಡದ ಉತ್ತರ ಬದಿಯಲ್ಲೂ ಗಾಳಿ ಪೂರ್ವದಿಂದಲೇ. ಎರಡೂ ಒಂದಕ್ಕೊಂದು ಹತ್ತಿರವಾದಾಗ ನಡುವಿನ ಪಟ್ಟಿಯಲ್ಲಿ ಎರಡರ ಗಾಳಿಯೂ ಕೂಡಿಕೊಳ್ಳುತ್ತದೆ. ಅಲ್ಲಿನ ನಾವಿಕರು ಈ ಪಟ್ಟಿಯನ್ನು 'ಸ್ಕ್ವಾಶ್ ಝೋನ್' ಅನ್ನುತ್ತಾರೆ. ನಕ್ಷೆಯಲ್ಲಿ ಒತ್ತಡದ ಗೆರೆಗಳು ಒತ್ತೊತ್ತಾಗಿ ಕಾಣುತ್ತವೆ. ನಕ್ಷೆ ನೋಡಲು ಹೊಸಬರಾದವರು ಕುಸಿತದ ನಡುಬಿಂದು ನಮ್ಮಿಂದ ದೂರ ಇದೆ, ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಗಾಳಿ ಹುಚ್ಚೇಳುವುದು ನಡುಬಿಂದುವಿನಲ್ಲಿ ಅಲ್ಲ, ಈ ಪಟ್ಟಿಯಲ್ಲಿ.

ಗಾಳಿ 60 ನಾಟ್ ದಾಟಿತು, ಅಂದರೆ ಗಂಟೆಗೆ 110 ಕಿಲೋಮೀಟರ್‌ಗಿಂತ ಹೆಚ್ಚು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 20 ನಾಟ್‌ನ ಹಿತವಾದ ಗಾಳಿಗಿಂತ 60 ನಾಟ್ ಗಾಳಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು ಬಲವಾಗಿ ತಳ್ಳುತ್ತದೆ. ಅಲೆಗಳು 10 ಮೀಟರ್ ಮೀರಿದವು. ಎತ್ತರದ ಅಲೆ ಮಾತ್ರಕ್ಕೆ ಬೋಟ್ ಮಗುಚುವುದಿಲ್ಲ, ಅದರ ಮೇಲೆ ಹತ್ತಿ ಇಳಿಯುತ್ತದೆ. ಕೊಲ್ಲುವುದು ತಲೆ ಒಡೆದು ಬೀಳುವ ಅಲೆ. 1979ರಲ್ಲಿ ಐರ್ಲೆಂಡ್ ಕಡೆಯ ಕಡಲಲ್ಲಿ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯದ 15 ನಾವಿಕರು ಸತ್ತ ಮೇಲೆ ಬ್ರಿಟನ್‌ನಲ್ಲಿ ನೀರಿನ ತೊಟ್ಟಿಯಲ್ಲಿ ಮಾದರಿ ಬೋಟ್‌ಗಳನ್ನಿಟ್ಟು ಪರೀಕ್ಷೆ ಮಾಡಿದರು. ಬೋಟಿನ ಉದ್ದದ ಶೇಕಡಾ 30ರಷ್ಟು ಎತ್ತರದ ಒಡೆಯುವ ಅಲೆ ಅಡ್ಡ ಮಗ್ಗುಲಿಗೆ ಬಡಿದರೆ ಕೆಲವು ಬೋಟ್ ಮಗುಚುತ್ತವೆ, ಶೇಕಡಾ 60ರಷ್ಟಾದರೆ ಎಲ್ಲ ಬೋಟ್‌ಗಳೂ ಮಗುಚುತ್ತವೆ ಅಂತ ಗೊತ್ತಾಯಿತು. 12 ಮೀಟರ್ ಬೋಟಿಗೆ ಶೇಕಡಾ 60 ಅಂದರೆ ಸುಮಾರು ಏಳು ಮೀಟರ್. ಆ ವಾರಾಂತ್ಯ ಅಲ್ಲಿದ್ದ ಅಲೆಗಳ ಜೊತೆ ಇದನ್ನು ಇಟ್ಟು ನೋಡಿ.

ಡೆಸ್ಟಿನಿ ಅನ್ನುವ ಬೋಟ್ ಮೂತಿ ಕೆಳಗಾಗಿ ಪಲ್ಟಿ ಹೊಡೆಯಿತು. ಚುಕ್ಕಾಣಿ ಹಿಡಿದಿದ್ದ ಗಂಡನ ತೊಡೆ ಮೂಳೆ ಮುರಿಯಿತು. ಹಾಯಿಕಂಬ ಹೋಯಿತು. ಮುರಿದ ಕಾಲಿನ ಮನುಷ್ಯನ ಜೊತೆ ಹೆಂಡತಿ ಆ ರಾತ್ರಿ ಬೋಟ್ ಒಳಗೆ ಕಳೆದ ಗಂಟೆಗಳನ್ನು ನೆನೆಸಿಕೊಂಡರೆ ಹೊಟ್ಟೆ ಕಲಸುತ್ತದೆ. ಅವರ ತುರ್ತು ರೇಡಿಯೊ ಸಂಕೇತ ಸಿಕ್ಕಿ, ನ್ಯೂಜಿಲೆಂಡ್ ವಾಯುಪಡೆಯ ಓರಿಯನ್ ವಿಮಾನ ಅವರನ್ನು ಹುಡುಕಿ ಮೇಲೆ ಸುತ್ತುತ್ತಾ ನಿಂತಿತು. ಕೊನೆಗೆ ಅವರನ್ನು ಹತ್ತಿಸಿಕೊಂಡದ್ದು ಟುಯಿ ಕಕೌ 3 ಅನ್ನುವ ಸರಕು ಹಡಗು. ಅಷ್ಟು ದೊಡ್ಡ ಹಡಗು ಆ ಅಲೆಗಳಲ್ಲಿ ಹೊಯ್ದಾಡುತ್ತಾ ಒಂದು ಸಣ್ಣ ಬೋಟಿನ ಪಕ್ಕಕ್ಕೆ ಬರುವುದೇ ಅಪಾಯ, ಹಡಗಿನ ಗೋಡೆಗೆ ಬಡಿದು ಬೋಟ್ ಚೂರಾಗಬಹುದು. ಆದರೂ ಹಡಗಿನವರು ಬಂದರು.

ನ್ಯೂಜಿಲೆಂಡ್ ನೌಕಾಪಡೆಯ ಮೊನೊವಾಯ್ ಇನ್ನೂ ಹಲವರನ್ನು ಉಳಿಸಿತು. ಅದು ಯುದ್ಧ ಹಡಗಲ್ಲ, ಕಡಲಿನ ಆಳ ಅಳೆಯುವ ಸರ್ವೆ ಹಡಗು. ರಾಮ್‌ಥಾ ಅನ್ನುವ ಕ್ಯಾಟಮರಾನ್‌ನಲ್ಲಿ, ಅಂದರೆ ಎರಡು ಒಡಲಿನ ಬೋಟಿನಲ್ಲಿ, ಒಂದು ಜೋಡಿ ಇತ್ತು, ಚುಕ್ಕಾಣಿ ಕೆಟ್ಟಿತ್ತು. ಮೊನೊವಾಯ್‌ನಿಂದ ಬಂದೂಕಿನಲ್ಲಿ ತೆಳು ಹಗ್ಗ ಹಾರಿಸಿದರು. ಅದು ಕೈಗೆ ಸಿಕ್ಕಿದ ಮೇಲೆ ಇಬ್ಬರೂ ಸೊಂಟದ ಪಟ್ಟಿಗೆ ಹಗ್ಗ ಸಿಕ್ಕಿಸಿಕೊಂಡು ಸಮುದ್ರಕ್ಕಿಳಿದರು. ಹಡಗಿನವರು ಅವರನ್ನು ನೀರಿನಲ್ಲೇ ಎಳೆದುಕೊಂಡರು, ಮುಳುಗುತ್ತಾ ಏಳುತ್ತಾ. ಫ್ರೆಂಚ್ ನೌಕಾಪಡೆಯ ಝಾಕ್ ಕಾರ್ಟಿಯೆ ಹಡಗು, ಒಂದು ಮೀನುಗಾರಿಕೆ ಹಡಗು, ಇನ್ನೊಂದು ವಾಣಿಜ್ಯ ಹಡಗು ಇವೂ ತಮ್ಮ ದಾರಿ ಬಿಟ್ಟು ಬಂದವು. ಬೇ ಆಫ್ ಐಲೆಂಡ್ಸ್‌ನ ಕೆರಿಕೆರಿಯಲ್ಲಿದ್ದ ಒಂದು ಪುಟ್ಟ ಖಾಸಗಿ ರೇಡಿಯೊ ಕೇಂದ್ರ ಬೋಟ್‌ಗಳ ಜೊತೆ ಮಾತಾಡುತ್ತಲೇ ಇತ್ತು. ಕತ್ತಲಲ್ಲಿ ಆ ಧ್ವನಿ ಕೇಳಿಸಿಕೊಂಡವರಿಗೆ ಅದು ಎಷ್ಟು ದೊಡ್ಡ ಆಸರೆಯಾಗಿರಬೇಕು.

ಕ್ವಾರ್ಟರ್‌ಮಾಸ್ಟರ್‌ನ ಜೀವರಕ್ಷಕ ರಾಫ್ಟ್ ಖಾಲಿಯಾಗಿ ಸಿಕ್ಕಿತು.

ಈಗ ಪ್ರಕರಣವಾಗಿ ನೋಡುವಾಗ ಎರಡು ವಿಷಯ ಬೇರೆ ಮಾಡಬೇಕು. ನಿರ್ಧಾರ ಒಂದು, ಫಲ ಇನ್ನೊಂದು. ಒಂದೇ ದಿನ, ಒಂದೇ ಮುನ್ಸೂಚನೆ ನೋಡಿ ಹೊರಟ ಬೋಟ್‌ಗಳಲ್ಲಿ ಕೆಲವು ಆ ಪಟ್ಟಿಯೊಳಗೆ ಸಿಕ್ಕಿಬಿದ್ದವು, ಕೆಲವು ಮುಂದೆ ದಾಟಿಹೋಗಿದ್ದವು ಇಲ್ಲವೇ ಹಿಂದೆ ಉಳಿದಿದ್ದವು. ದಿನಕ್ಕೆ 20 ಮೈಲಿ ವೇಗದ ವ್ಯತ್ಯಾಸ ನಾಲ್ಕು ದಿನಕ್ಕೆ 80 ಮೈಲಿ ಆಗುತ್ತದೆ, ಅಷ್ಟರಲ್ಲಿ ಬದುಕು ಬೇರೆಯಾಗಬಹುದು. ಬಂದರಿನಲ್ಲಿ ಉಳಿದವರಲ್ಲೂ ಎಲ್ಲರೂ ಬುದ್ಧಿವಂತಿಕೆಯಿಂದ ಉಳಿದರು ಅನ್ನಲಾಗದು. ಎಂಜಿನ್ ರಿಪೇರಿ ಮುಗಿದಿಲ್ಲ ಅಂತ ಉಳಿಯುವವರು ಪ್ರತಿ ವರ್ಷವೂ ಇರುತ್ತಾರೆ. ಹಾಗಾಗಿ 'ಇನ್ನೂ ಕಾದಿದ್ದರೆ ಉಳಿಯುತ್ತಿದ್ದರು' ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಎಷ್ಟು ದಿನ ಕಾದರೂ ಎಂಟು ದಿನದ ದಾರಿಗೆ ಎಂಟು ದಿನದ ಖಾತ್ರಿ ಸಿಗುವುದಿಲ್ಲ.

ಹಾಗಾದರೆ ಕಾಯುವುದು ಯಾಕೆ? ಮೊದಲ ನಾಲ್ಕು ದಿನವನ್ನು ಆರಿಸಿಕೊಳ್ಳಲು. ಮತ್ತು ಉಳಿದ ನಾಲ್ಕು ದಿನಕ್ಕೆ ಒಳ್ಳೆಯ ಜಾಗದಲ್ಲಿ, ಒಳ್ಳೆಯ ಸ್ಥಿತಿಯಲ್ಲಿ ಇರಲು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ವೆದರ್ ವಿಂಡೋ, ಅಂದರೆ ಹೊರಡಲು ಹವಾಮಾನ ಕೂಡಿಬರುವ ಅವಧಿ, ಅನ್ನುವುದನ್ನು ಬಾಗಿಲು ತೆರೆಯುವ ಕ್ಷಣ ಅಂತ ಮಾತ್ರ ನೋಡುತ್ತಾರೆ. ಹೊರಡುವ ದಿನ ಗಾಳಿ ಎಷ್ಟು, ಅಲೆ ಎಷ್ಟು ಅಂತ ಕೇಳುತ್ತಾರೆ. ನನ್ನ ಪ್ರಕಾರ ಕೇಳಬೇಕಾದ್ದು ಐದನೇ ದಿನದ ಬಗ್ಗೆ. ಐದನೇ ದಿನ ನಾನು ಎಲ್ಲಿರುತ್ತೇನೆ? ಆ ಹೊತ್ತಿಗೆ ಉತ್ತರದಲ್ಲಿ ಏನಾದರೂ ಹುಟ್ಟಿದರೆ ಪೂರ್ವಕ್ಕೋ ಪಶ್ಚಿಮಕ್ಕೋ ಸರಿಯಲು ನನಗೆ ಕಡಲಲ್ಲಿ ಜಾಗವಿದೆಯಾ, ವೇಗವಿದೆಯಾ, ಡೀಸೆಲ್ ಇದೆಯಾ? ಅಲ್ಲೇ ನಿಂತು ಒಂದು ದಿನ ಕಾಯಲು ಬರುತ್ತದೆಯಾ? ನಡುಗಡಲಲ್ಲೂ ಕಾಯಬಹುದು. ಹಾಯಿ ಕುಗ್ಗಿಸಿ, ಚುಕ್ಕಾಣಿ ಒಂದು ಕಡೆ ಕಟ್ಟಿ, ಬೋಟನ್ನು ಹೆಚ್ಚು ಸರಿಯದಂತೆ ನಿಲ್ಲಿಸಿಕೊಳ್ಳುವ ವಿದ್ಯೆ ಹಳೆಯದು. ಮುಂದೆ ಗಾಳಿಯ ಪಟ್ಟಿ ಇದೆ ಅಂತ ಗೊತ್ತಾದಾಗ 30 ಡಿಗ್ರಿಯಲ್ಲೇ ಒಂದೂವರೆ ದಿನ ತಡೆದು ನಿಲ್ಲುವುದಕ್ಕೆ ಧೈರ್ಯಕ್ಕಿಂತ ತಾಳ್ಮೆ ಜಾಸ್ತಿ ಬೇಕು, ಯಾಕೆಂದರೆ ಹಿಂದೆ ಚಳಿ, ಮುಂದೆ ಬಿಸಿಲು, ಬೋಟಿನಲ್ಲಿರುವ ಎಲ್ಲರಿಗೂ ಮುಂದಕ್ಕೆ ಹೋಗುವ ತವಕ.

ಐದನೇ ದಿನದ ಪ್ರಶ್ನೆ ಮೊದಲ ಪಾಠವಾದರೆ, ಎರಡನೆಯದು ತಾರೀಖಿನ ಒತ್ತಡ. ಗುಂಪಿನಲ್ಲಿ ಹೋಗುವುದರಿಂದ ಲಾಭ ಇದೆ. ರೇಡಿಯೊದಲ್ಲಿ ದಿನಾ ಹೆಸರು ಕೂಗಿ ವಿಚಾರಿಸುತ್ತಾರೆ, ಹೊಸಬರಿಗೆ ಪಾಠ ಸಿಗುತ್ತದೆ, ತೊಂದರೆಯಾದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಗುಂಪಿಗೆ ಒಂದು ತಾರೀಖು ಇರುತ್ತದೆ, ಆ ತಾರೀಖಿಗೆ ಮನಸ್ಸು ಅಂಟಿಕೊಳ್ಳುತ್ತದೆ. ಗುಂಪಿಲ್ಲದವರಿಗೂ ತಾರೀಖು ತಪ್ಪಿದ್ದಲ್ಲ. ಮಗಳು ಟೊಂಗಾಕ್ಕೆ ವಿಮಾನದಲ್ಲಿ ಬಂದಿಳಿಯುವ ದಿನ, ಸಹಾಯಕ್ಕೆ ಬಂದ ಗೆಳೆಯನ ರಜೆ ಮುಗಿಯುವ ದಿನ, ವೀಸಾ ಮುಗಿಯುವ ದಿನ. ಓಪುವಾದ ಕಟ್ಟೆಯಲ್ಲಿ ಮೇ ತಿಂಗಳಲ್ಲಿ ಕಾಯುವವರ ಪರಿಸ್ಥಿತಿ ಸುಲಭದ್ದಲ್ಲ. ಟ್ಯಾಂಕ್ ತುಂಬಿದೆ, ಗ್ಯಾಸ್ ತುಂಬಿದೆ, ತರಕಾರಿ ತಂದು ಬಲೆಯಲ್ಲಿ ತೂಗುಹಾಕಿದೆ, ಟೊಮ್ಯಾಟೊ ಮೆತ್ತಗಾಗುತ್ತಿದೆ. ಏಳೆಂಟು ದಿನಕ್ಕೆ ಅಂತ ಮಾಡಿಟ್ಟ ಸಾರು ಪಲ್ಯ ಫ್ರಿಜ್‌ನಲ್ಲಿದೆ, ಕಾಯುತ್ತಲೇ ಅದನ್ನು ತಿಂದು ಮುಗಿಸುತ್ತಾರೆ. ಕಸ್ಟಮ್ಸ್ ಕಾಗದ ಮುಗಿಸಿದ ಮೇಲೆ ಸುಮ್ನೆ ಅಲ್ಲೇ ಉಳಿಯುವಂತಿಲ್ಲ. ಬೆಳಿಗ್ಗೆ ಎದ್ದರೆ ಪಕ್ಕದ ಜಾಗ ಖಾಲಿ, ನಿನ್ನೆ ರಾತ್ರಿ ಜೊತೆಯಲ್ಲಿ ಊಟ ಮಾಡಿದವರು ಹೊರಟುಹೋಗಿದ್ದಾರೆ. ಅವರಿಗೇನೋ ಗೊತ್ತಿದೆ, ನಮಗೆ ಗೊತ್ತಿಲ್ಲ ಅನಿಸುತ್ತದೆ. ಹೀಗೆ ಒಬ್ಬರನ್ನು ನೋಡಿ ಒಬ್ಬರು ಹೊರಟ ಬೋಟ್‌ಗಳು ಪ್ರತಿ ವರ್ಷವೂ ಇರುತ್ತವೆ. ಅವರ ಬೋಟ್ 50 ಅಡಿ, ದಿನಕ್ಕೆ 180 ಮೈಲಿ ಓಡುತ್ತದೆ, ನಿಮ್ಮದು 34 ಅಡಿ. ಅವರ ಐದನೇ ದಿನ ಟೊಂಗಾದ ಹತ್ತಿರ, ನಿಮ್ಮ ಐದನೇ ದಿನ ನಡುನೀರಿನಲ್ಲಿ. ಒಂದೇ ಮುನ್ಸೂಚನೆ, ಎರಡು ಬೇರೆ ಬೇರೆ ಪ್ರಯಾಣ.

ಮೂರನೆಯದು ಬೋಟ್. 1994ರಲ್ಲಿ ಜನ ಬಿಟ್ಟು ಬಂದ ಬೋಟ್‌ಗಳೆಲ್ಲ ಮುಳುಗಲಿಲ್ಲ. ರಾಮ್‌ಥಾ ಆಮೇಲೆ ತೇಲುತ್ತಲೇ ಸಿಕ್ಕಿತು, ಅದನ್ನು ತಂದು ಮತ್ತೆ ಬಳಸುವಂತಾಯಿತು. ಹಾಗಂತ ಬಿಟ್ಟು ಬಂದವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಎರಡು ಸಲ ಮಗುಚಿದ ಬೋಟಿನೊಳಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತವರಿಗೆ ಹಡಗು ಬಂದಾಗ ಬೇಡ ಅನ್ನಲು ಸಾಧ್ಯವಿಲ್ಲ, ಅನ್ನಲೂ ಬಾರದು. ಆದರೆ ಇದು ಕಾಯುವವರಿಗೆ ಒಂದು ಕೆಲಸ ತೋರಿಸುತ್ತದೆ. ಬೋಟ್ ತಲೆಕೆಳಗಾದರೆ ಒಳಗಿನ ವಸ್ತು ಎಲ್ಲೆಲ್ಲಿ ಹಾರುತ್ತದೆ? ಬ್ಯಾಟರಿಗೆ ಪಟ್ಟಿ ಕಟ್ಟಿದೆಯಾ? ನೆಲದ ಹಲಗೆಗೆ ಚಿಲಕ ಇದೆಯಾ? ಒಲೆ ಕಿತ್ತು ಬರುವುದಿಲ್ಲ ತಾನೆ? ಮಗುಚಿದಾಗ ಮೈಗೆ ಪೆಟ್ಟು ಮಾಡುವುದು ಬಹಳ ಸಲ ಅಡುಗೆಮನೆಯ ಡಬ್ಬಿಗಳು, ಉಪಕರಣದ ಪೆಟ್ಟಿಗೆ, ಲಂಗರಿನ ಸರಪಳಿ. ಕಿಟಕಿಗೆ ಹೊರಗಿನಿಂದ ಹಾಕುವ ಗಟ್ಟಿ ಹಲಗೆ, ಹಿಂದೆ ನೀರಿನಲ್ಲಿ ಎಳೆದು ವೇಗ ತಗ್ಗಿಸುವ ಡ್ರೋಗ್, ಅದನ್ನು ಕಟ್ಟಲು ಗಟ್ಟಿಯಾದ ಗೂಟ, ಇವನ್ನೆಲ್ಲ ಬಂದರಿನಲ್ಲಿ ಮಾಡಬೇಕು. ಕಾಯುವ ದಿನಗಳನ್ನು ಇದಕ್ಕೆ ಬಳಸಿದರೆ ಕಾದದ್ದು ಒಂದು ದಿನವೂ ವ್ಯರ್ಥವಲ್ಲ. ಬರೀ ಫೋನಿನಲ್ಲಿ ಗಾಳಿಯ ಬಣ್ಣದ ನಕ್ಷೆ ನೋಡುತ್ತಾ ಕೂತರೆ ವ್ಯರ್ಥವೇ.

ಈಗ ಕಾಲ ಬದಲಾಗಿದೆ, ಅಲ್ವಾ? ಅಂದಿನ ಬೋಟ್‌ಗಳಿಗೆ ಸಿಗುತ್ತಿದ್ದದ್ದು ರೇಡಿಯೊದಲ್ಲಿ ಓದುವ ಮುನ್ಸೂಚನೆ, ಕರಕರ ಅನ್ನುವ ಹವಾಮಾನ ಫ್ಯಾಕ್ಸ್, ತಮ್ಮದೇ ಬ್ಯಾರೋಮೀಟರ್. ಇವತ್ತು ಕಂಪ್ಯೂಟರ್‌ನಲ್ಲಿ ಹವಾಮಾನ ಲೆಕ್ಕ ಹಾಕುವ ಅಮೆರಿಕದ ಜಿಎಫ್‌ಎಸ್ ಮಾದರಿ ದಿನಕ್ಕೆ ನಾಲ್ಕು ಸಲ ಹೊಸ ಲೆಕ್ಕ ಕೊಡುತ್ತದೆ, 16 ದಿನದವರೆಗೆ. ಯೂರೋಪಿನ ಹವಾಮಾನ ಮುನ್ಸೂಚನೆ ಕೇಂದ್ರದ ಮಾದರಿಯೂ ಇದೆ. ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್ ಇರುವ ಬೋಟಿನಲ್ಲಿ ನಡುಗಡಲಲ್ಲೂ ಇವು ಸಿಗುತ್ತವೆ. ಇದು ದೊಡ್ಡ ವರ. ಐದನೇ ದಿನದ ಪ್ರಶ್ನೆಗೆ ಐದನೇ ದಿನವೇ ಉತ್ತರ ಹುಡುಕಬಹುದು, ಹುಟ್ಟುತ್ತಿರುವ ಕುಸಿತವನ್ನು ಮೂರು ದಿನ ಮೊದಲೇ ನೋಡಿ ದಾರಿ ಬದಲಿಸಬಹುದು. 1994ರವರಿಗೆ ಇದಿದ್ದರೆ ಎಷ್ಟೋ ಬೋಟ್‌ಗಳು ಆ ಪಟ್ಟಿಗೆ ಹೋಗುತ್ತಲೇ ಇರಲಿಲ್ಲ ಅಂತ ನಾನು ನಂಬುತ್ತೇನೆ.

ಆದರೆ ಹೊಸ ಅಪಾಯವೂ ಇದೆ. ಹತ್ತನೇ ದಿನದ ನಕ್ಷೆಯೂ ಮೊದಲ ದಿನದ ನಕ್ಷೆಯಷ್ಟೇ ಚೊಕ್ಕವಾಗಿ, ಅಷ್ಟೇ ಬಣ್ಣದಲ್ಲಿ ಕಾಣುತ್ತದೆ. ನಂಬಿಕೆ ಎಷ್ಟಿಡಬೇಕು ಅನ್ನುವುದು ಬಣ್ಣದಲ್ಲಿ ಇರುವುದಿಲ್ಲ. ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಯೂರೋಪಿನ ಕೇಂದ್ರ ಒಂದೇ ಲೆಕ್ಕವನ್ನು ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ 50 ಸಲ ಮಾಡಿ ನೋಡುತ್ತದೆ. ಆ 50ರಲ್ಲಿ ಹೆಚ್ಚಿನವು ಐದನೇ ದಿನಕ್ಕೂ ಒಂದೇ ಮಾತು ಹೇಳುತ್ತಿದ್ದರೆ ಸ್ವಲ್ಪ ಧೈರ್ಯ ತಗೊಳ್ಳಬಹುದು. ಆರೋ ಏಳೋ ಮಾತ್ರ ಫಿಜಿ ಕೆಳಗೆ ಒಂದು ಆಳವಾದ ಕುಸಿತ ತೋರಿಸುತ್ತಿದ್ದರೆ, ಸರಾಸರಿ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಆದರೆ ನೋಡಬೇಕಾದ್ದು ಅದನ್ನೇ. ಹಾಗೆಯೇ ಎರಡು ಬೇರೆ ಮಾದರಿಗಳು ಬೇರೆ ಬೇರೆ ಮಾತಾಡುತ್ತಿದ್ದರೆ, ಇಷ್ಟವಾದದ್ದನ್ನು ಆರಿಸಿಕೊಳ್ಳುವುದಲ್ಲ, ಇನ್ನೊಂದು ದಿನ ಕಟ್ಟೆಯಲ್ಲೇ ಕೂರುವುದು. ಮಾದರಿಗಳು ಮೂರು ಸಲ ಸತತವಾಗಿ ಒಂದೇ ಕಥೆ ಹೇಳಿದಾಗ ಹೊರಡುವುದು ಹಲವರ ರೂಢಿ. ನನಗೆ ಅದು ಒಳ್ಳೆಯ ರೂಢಿ ಅನಿಸುತ್ತದೆ.

ನ್ಯೂಜಿಲೆಂಡ್ ಮೇಲೆ ಬರುವ ಅಧಿಕ ಒತ್ತಡ ತೀರಾ ಬಲವಾಗಿದ್ದರೂ, ಅಂದರೆ 1030 ಹೆಕ್ಟೋಪಾಸ್ಕಲ್ ದಾಟಿದ್ದರೂ, ಖುಷಿಪಡುವ ಬದಲು ಉತ್ತರ ನೋಡಬೇಕು. ಬಂದರಿನಲ್ಲಿ ಆಗ ನೀಲಿ ಆಕಾಶ, ಕನ್ನಡಿಯಂಥ ನೀರು, ಎಲ್ಲರ ಮುಖದಲ್ಲೂ ನಗು. ಅದೇ ಹೊತ್ತಿಗೆ 25 ಡಿಗ್ರಿಯಲ್ಲಿ ಗೆರೆಗಳು ಒತ್ತಿಕೊಳ್ಳುತ್ತಿರುತ್ತವೆ. ಮಧ್ಯಮ ಬಲದ, ಬೇಗ ಸಾಗುವ ಅಧಿಕ ಒತ್ತಡ ಇದಕ್ಕಿಂತ ಒಳ್ಳೆಯದು, ಹೊರಡುವ ದಿನ ಸ್ವಲ್ಪ ಮಳೆ ಗಾಳಿ ಇದ್ದರೂ ಪರವಾಗಿಲ್ಲ.

ಯಾರಾದರೂ ಈ ದಾರಿಗೆ ಬೋಟಿನಲ್ಲಿ ಸಹಾಯಕ್ಕೆ ಕರೆದರೆ, ಈಗ ಆಕ್ಲೆಂಡ್‌ನಲ್ಲಿರುವ ನಮ್ಮವರಿಗೂ ಇಂಥ ಅವಕಾಶ ಸಿಗಬಹುದು, ಮೊದಲು ಕೇಳಬೇಕಾದ್ದು ಬೋಟ್ ಎಷ್ಟು ಚೆಂದ ಇದೆ ಅಂತಲ್ಲ. ಹೊರಡುವ ತಾರೀಖು ಯಾವುದು ಅಂತ ಕೇಳಿ. 'ಮೇ 12, ಬೆಳಿಗ್ಗೆ ಎಂಟಕ್ಕೆ' ಅಂತ ಒಂದು ತಿಂಗಳ ಮುಂಚೆಯೇ ಉತ್ತರ ಬಂದರೆ ನಯವಾಗಿ ಬೇಡ ಅನ್ನಿ. 'ಮೇ ಎರಡನೇ ವಾರದಿಂದ ತಯಾರಿರು, ಹೋಗುವುದು ಯಾವತ್ತು ಅಂತ ಹವಾಮಾನ ನೋಡಿ ಹೇಳುತ್ತೇನೆ, ವಾಪಸ್ ಟಿಕೆಟ್ ಈಗಲೇ ಮಾಡಿಸಬೇಡ' ಅಂದರೆ ಚೀಲ ಕಟ್ಟಿಕೊಳ್ಳಿ. ಆಫೀಸಿನಲ್ಲಿ ಹತ್ತು ದಿನದ ರಜೆ ಸಾಲುವುದಿಲ್ಲ, ಒಂದು ತಿಂಗಳಾದರೂ ಕೇಳಿ. ಅಷ್ಟು ರಜೆ ಸಿಗದಿದ್ದರೆ ಈ ವರ್ಷ ಹೋಗಬೇಡಿ.